ಹಾರಕ್ಕ ನಿಂತ ಹಾಡು

ಯುದ್ಧ ನಡದಿತ್ತು. ಸೈನಿಕರ ಸಲುವಾಗಿ ಹಿಂದವಾಡಿಯಾಗ ಓಣಿಯವರು ಹಾಡಿನ ಕಾರ್ಯಕ್ರಮ ಇಟ್ಟಿದ್ರು, ಊರ ವ್ಯಾಪಾರಸ್ಥರು, ಕಾರ್ಖಾನಿಯವರು ಖರ್ಚು ವಹಿಸಿಕೊಂಡಿದ್ರು. ನಾ ಹಾರ್ಮೋನಿಯಂ ಬಾರಸ್ತಿದ್ದೆ. ಖಾನಾಪುರದ ಸೈನಿಕನೊಬ್ಬನ ಹೆಂಡತಿ ಭಾಳ ಛಲೋ ಹಾಡಾಕತ್ತಿದ್ಲು. ನಡುವನ ಸಂಘಟಕ ಓಡಿ ಬಂದು ಮೈಕ್ ಕಸಗೊಂಡ.

“ಅಕ್ಕಾರ, ನಿಂದರ್ರಿ. ಸಾಹೇಬ್ರು ಬಂದ್ರು, ಹಾರ ಹಾಕೂಣು.”

ಸಾಹೇಬ್ರು ಅಂದ್ರ ಉದ್ಯಮಬಾಗದ ಕಾರ್ಖಾನಿ ಮಾಲಕರು.

“ಆಕಿ ಗಂಡ ಗಡಿಯಾಗ ಅದಾನ್ರೀ! ಒಂದು ನುಡಿ ಉಳದೈತಿ, ಮುಗಸಾಕ ಬಿಡ್ರಿ” ಅಂದೆ.

“ಈ ಪೆಂಡಾಲ್ ಯಾರು ಹಾಕ್ಸ್ಯಾರ ಗೊತ್ತೈತೇನ್ರಿ?”

ಮೈ ಉರದು ಹೋತು, ಹಾರ್ಮೋನಿಯಂ ಮುಚ್ಚಿಬಿಟ್ಟೆ. ಸಾಹೇಬ್ರು ಹಾಕಿಸಿಕೊಂಡ ಹಾರ ತಗದು, ಬಾಜೂಕ ನಿಂತಿದ್ದ ಆಕಿ ಕೈಯಾಗ ಕೊಟ್ಟು ಭಾಷಣಕ್ಕ ನಿಂತ್ರು: “ಸೈನಿಕರ ಮನಿಯವರ ದನಿ ಇವತ್ತು ಯಾರೂ ಕೇಳವಲ್ರು!”

ಮಂದಿ ಚಪ್ಪಾಳಿ ಹೊಡದ್ರು. ಆಕಿ ಹೊಡೀಲಿಲ್ಲ, ಕೈಯಾಗ ಅವರ ಹಾರ ಇತ್ತಲ್ಲ.