ಪಕ್ಕದ ಕೋಣೆಗೆ ಬರೆದ ಇ-ಮೇಲ್

ಈಗಷ್ಟೇ ಮೊಬೈಲು ಟಿಣ್ ಎಂದಿತು. ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಹದಿನೇಳನೆಯ ಗುಲಾಬಿ, ಶುಭೋದಯ ಸಮೇತ. ಗುಲಾಬಿಗಳ ನಡುವೆ ಖಾನಾಪುರದ ಕಡೆಯ ಹೊಸ ಶಿಕ್ಷಕಿಯೊಬ್ಬರ ಒಂದು ಸಾಲು: ‘ಮಳೆಗೆ ನಮ್ಮ ತರಗತಿಯ ಗೋಡೆ ಉಬ್ಬಿದೆ, ಏನು ಮಾಡಲಿ?’ ಕೆಳಗೆ ಆಗಲೇ ಒಂಬತ್ತು ಹೆಬ್ಬೆರಳು. ಅಷ್ಟರಲ್ಲಿ ವಡಗಾವಿಯ ನಮ್ಮ ಪಕ್ಕದ ಮನೆಯ ಮಗ್ಗ ಕಟಕ್ ಎಂದಿತು. ತಟ್ಟನೆ ಸೂರು ನೋಡಿದೆ. ಇಪ್ಪತ್ತು ವರ್ಷಗಳಿಂದ ನೋಡುತ್ತಲೇ ಇದ್ದೇನೆ.

ಆಗ ಇ-ಮೇಲ್ ಹೊಸತು. ಬೆಳಗಾವಿಯ ತರಬೇತಿಯಲ್ಲಿ, ಶಿಕ್ಷಕರು ಪರಸ್ಪರ ಕಲಿಯಬೇಕು, ಅದಕ್ಕೊಂದು ಇ-ಮೇಲ್ ಗುಂಪು ಬೇಕು ಎಂದರು. ಕಟ್ಟಿದೆವು. ಖಾನಾಪುರದ ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಅಷ್ಟೇ. ಹಾಗಾಗಿ ಪ್ರತಿ ಶನಿವಾರ ಶಾಲೆ ಬಿಟ್ಟೊಡನೆ ನಾನೂ ನದಾಫ್ ಸರೂ ಬಸ್ಸು ಹತ್ತಿ, ಬೆಳಗಾವಿಯ ಸೈಬರ್ ಕೆಫೆಯಲ್ಲಿ ಅಕ್ಕಪಕ್ಕ ಕುಳಿತು ಪರಸ್ಪರ ಕಲಿಯುತ್ತಿದ್ದೆವು. ಶಾಲೆಯಲ್ಲೂ ನಮ್ಮ ಕೋಣೆಗಳು ಅಕ್ಕಪಕ್ಕವೇ. ಆದರೆ ನೀವೇ ಹೇಳಿ, ಬಾಯಲ್ಲಿ ಹೇಳಿದ್ದು ಗುಂಪಿನಲ್ಲಿ ದಾಖಲಾಗುತ್ತದೆಯೇ?

ಒಂದು ಶನಿವಾರ ನದಾಫ್ ಸರ್ ಬರೆದರು: ‘ನನ್ನ ತರಗತಿಯ ತೊಲೆಯಿಂದ ಪುಡಿ ಉದುರುತ್ತಿದೆ, ಕಟಕ್ ಎನ್ನುತ್ತಿದೆ. ಏನು ಮಾಡಲಿ?’ ಯಾರೋ ಒಬ್ಬರು, ಶಬ್ದದ ಪಾಠಕ್ಕೆ ಒಳ್ಳೆಯ ಚಟುವಟಿಕೆ ಎಂದರು. ಪದವೀಧರನಾದ ನಾನು ಪಕ್ಕದ ಕುರ್ಚಿಯಿಂದ ‘ಬಹಳ ಉಪಯುಕ್ತ ಮಾಹಿತಿ’ ಎಂದು ಟೈಪಿಸಿದೆ. ಚಹಾ ಕುಡಿದು ಮರಳಿದೆವು.

ಸೋಮವಾರ ಲೋಂಡಾದ ಶಾಲೆಯ ಶಿಕ್ಷಕಿ ಶಾಂತಾ ಅಕ್ಕೋರು ಆ ಮೇಲ್ ಓದಿ, ರಜೆ ಹಾಕಿ, ರೈಲಿಳಿದು ಬಂದರು. ಬಡಿಗರ ಮಗಳು. ಗುಂಪಿನಲ್ಲಿ ಒಮ್ಮೆಯೂ ಉತ್ತರ ಬರೆಯದ ಸೋಮಾರಿ ಎಂದು ನಾವು ಆಡಿಕೊಳ್ಳುತ್ತಿದ್ದುದು ಇವರನ್ನೇ.

“ಅಕ್ಕೋರ, ಮೇಲ್ ಮಾಡಿದ್ರ ಸಾಕಿತ್ತಲ್ರಿ,” ಎಂದೆ.

“ತೊಲಿ ಬಡದ ನೋಡಾಕ ನಿಮ್ಮ ಮೇಲ್‌ಗೆ ಬರ್ತೈತೇನ್ರಿ? ಬಾಜು ಖೋಲ್ಯಾಗ ಇದ್ದೀರಿ. ನೀವರ ಒಮ್ಮಿ ಹಣಿಕಿ ಹಾಕಬಾರದೇನ್ರಿ ಸರ?”

ನೇರ ನದಾಫ್ ಸರ್ ತರಗತಿಗೆ ಹೋಗಿ, ಬೆಂಚು ಹತ್ತಿ ಕೊಡೆಯ ಹಿಡಿಯಿಂದ ತೊಲೆ ಬಡಿದರು. ಪೊಳ್ಳು ಸದ್ದು.

“ನದಾಫ್ ಸರ, ಹುಡುಗರನ್ನ ಹೊರಗ ಕರಕೊಂಡ ಹೋಗ್ರಿ. ಪಾಟೀಚೀಲ ಇರ್ಲಿ ಬಿಡ್ರಿ, ಮೊದ್ಲ ನಡೀರಿ!”

ಮಕ್ಕಳು ಬೇವಿನ ಮರದಡಿ ಮಗ್ಗಿ ಶುರುಮಾಡಿದರು. ಏಳರ ಮಗ್ಗಿ ಮುಗಿದಿರಲಿಲ್ಲ. ಬಾಗಿಲಲ್ಲಿ ನಿಂತ ನನ್ನೆದುರೇ ಕಟಕ್ ಎಂದು ತೊಲೆ ಮುರಿದು, ಹಂಚೆಲ್ಲ ಬೆಂಚುಗಳ ಮೇಲೆ ಸುರಿಯಿತು. ಧೂಳು ಇಳಿದಾಗ ಒಂದು ಪಾಟೀಚೀಲದ ಪಟ್ಟಿ ಮಾತ್ರ ಹೊರಗೆ ಕಾಣುತ್ತಿತ್ತು.

ಯಾರಿಗೂ ಏನೂ ಆಗಲಿಲ್ಲ ಎಂದು ಮುಂದಿನ ಶನಿವಾರ ಗುಂಪಿಗೆ ತಿಳಿಸಿದೆವು. ಎಂಟು ಅಭಿನಂದನೆಗಳು ಬಂದವು. ಆ ಪಟ್ಟಿಯ ವಿಷಯ ನಾನು ಬರೆಯಲಿಲ್ಲ.

ಇವತ್ತು ಹತ್ತನೆಯ ಹೆಬ್ಬೆರಳು ನನ್ನದಾಗುವುದರಲ್ಲಿತ್ತು. ತಡೆದು, ಆ ಶಿಕ್ಷಕಿಗೆ ಫೋನ್ ಮಾಡಿದೆ.

“ಅಕ್ಕೋರ, ಮೊದ್ಲ ಹುಡುಗರನ್ನ ಬ್ಯಾರೆ ಖೋಲ್ಯಾಗ ಕುಂದರಸ್ರಿ. ಗ್ವಾಡಿ ನೋಡಾಕ ನಾ ಒಬ್ಬ ಗೌಂಡಿನ ಕರಕೊಂಡ ಬರ್ತೇನಿ.”

“ಅಯ್ಯ, ಗುಂಪಿನ್ಯಾಗ ಹಾಕಿದ್ರ ಸಾಕಿತ್ತಲ್ರಿ ಸರ!”

ನಾನಾಗಲೇ ಕೊಡೆ ಹುಡುಕುತ್ತಿದ್ದೆ.