ಗುಡುಗಮ್ಮನ ಗಂಟಲು

ಬೈಯದೆ, ಹೊಡೆಯದೆ ಮಕ್ಕಳನ್ನು ತಿದ್ದುವುದು ಹೇಗೆ ಎಂದು ತಂದೆತಾಯಿಗಳಿಗೂ ಮೇಷ್ಟರುಗಳಿಗೂ ಹೇಳಿಕೊಡುವುದು ಈಗ ಆಕೆಯ ಕೆಲಸ. ಕೇಳಿದವರು ಈಕೆ ಹುಟ್ಟಿನಿಂದಲೇ ತಾಳ್ಮೆಯ ಮೂರ್ತಿ ಎಂದುಕೊಂಡು ಮನೆಗೆ ಹೋಗುತ್ತಾರೆ. ಆಕೆಯ ಗಂಡ ಗಡಿಯಾರ ರಿಪೇರಿ ಮಾಡುವ ಮೆದುಮಾತಿನ ಮನುಷ್ಯ. ಈ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಅವನು ಭೂತಗನ್ನಡಿಯನ್ನು ಒರೆಸುವ ನೆಪದಲ್ಲಿ ತಲೆ ತಗ್ಗಿಸಿ ನಗುತ್ತಾನೆ.

ಶಾಲೆಯಲ್ಲಿ ಟೀಚರಾಗಿದ್ದಾಗ ಮಕ್ಕಳು ಆಕೆಗೆ ಇಟ್ಟಿದ್ದ ಹೆಸರು ಗುಡುಗಮ್ಮ. ನಾಲ್ಕನೇ ತರಗತಿಯಲ್ಲಿ ಆಕೆ "ಏನದು ಸದ್ದು!" ಎಂದರೆ ಪಕ್ಕದ ಕೋಣೆಯ ಏಳನೇ ತರಗತಿ ಕೈಕಟ್ಟಿ ಕೂರುತ್ತಿತ್ತು. ಗೇಟಿನಾಚೆ ಸೈಕಲ್ಲಿನಲ್ಲಿ ಹೋಗುವವರು, ತಮ್ಮ ತಪ್ಪೇನೂ ಇಲ್ಲದಿದ್ದರೂ, ಬೆಲ್ಲಿನ ಮೇಲಿಂದ ಕೈ ತೆಗೆಯುತ್ತಿದ್ದರು. ಬೆತ್ತವನ್ನು ಮಾತ್ರ ಆಕೆ ಒಂದು ದಿನವೂ ಮುಟ್ಟಿದವಳಲ್ಲ, ಅದೊಂದು ಹೆಮ್ಮೆ ಬೇರೆ. ಅಂಥ ಗಂಟಲಿರುವಾಗ ಬೆತ್ತ ಯಾಕೆ ಬೇಕು ಹೇಳಿ!

ಇಪ್ಪತ್ತೊಂದು ವರ್ಷ ದುಡಿದ ಆ ಗಂಟಲು ಒಂದು ಸೋಮವಾರ ಕೈಕೊಟ್ಟಿತು. ಬಾಯಿ ತೆರೆದರೆ ಬರೀ ಗಾಳಿ.

"ಆರು ವಾರ ಕೂಗೋ ಹಾಗಿಲ್ಲ. ಬೇಕೇ ಬೇಕು ಅಂದ್ರೆ ಮೆತ್ತಗೆ ನಾಲ್ಕು ಮಾತು, ಅಷ್ಟೇ. ಇಲ್ಲಾಂದ್ರೆ ಈ ದನಿ ವಾಪಸ್ ಬರಲ್ಲ," ಎಂದರು ಡಾಕ್ಟರು.

"ಆರೇ ವಾರ ಸಾಕಾ ಡಾಕ್ಟ್ರೇ?" ಎಂದು ಗಂಡ ಬಹಳ ಕಾಳಜಿಯಿಂದ ಕೇಳಿದ.

ಹೆಡ್ಮೇಷ್ಟರ ಬಳಿ ಬದಲಿ ಟೀಚರ್ ಇರಲಿಲ್ಲ. ಮೂವತ್ತೆಂಟು ಮಕ್ಕಳ ನಡುವೆ ಗುಡುಗಮ್ಮ ಬಾಯಿಗೆ ಬೀಗ ಹಾಕಿಕೊಂಡು ನಿಂತಳು. ಮೊದಲ ವಾರ ತರಗತಿ ಸಂತೆಯಾಯಿತು. ಡಸ್ಟರಿನಿಂದ ಮೇಜು ಕುಟ್ಟಿದಳು. ಸೀಮೆಸುಣ್ಣದ ಪುಡಿ ಹಾರಿ ಕೆಮ್ಮು ಬಂದದ್ದೇ ಲಾಭ. ಎರಡನೇ ವಾರ ಬೇರೆ ದಾರಿ ಕಾಣದೆ, ಯಾರು ಗಲಾಟೆ ಮಾಡಿದರೂ ಅವರ ಬೆಂಚಿನವರೆಗೆ ನಡೆದು, ಬಗ್ಗಿ, ಮೆತ್ತಗೆ ಕೇಳತೊಡಗಿದಳು. ಮಂಡಿ ನೋಯುತ್ತಿತ್ತು. ಆದರೆ ಬಗ್ಗಿದಾಗ ಮೇಜಿನ ಹಿಂದಿನಿಂದ ಎಂದೂ ಕಾಣದ ಸಂಗತಿಗಳು ಕಂಡವು. ಸದಾ ವಟಗುಟ್ಟುವವನು ಪಕ್ಕದವನಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಕೊನೆ ಬೆಂಚಿನ ಕನ್ನಡಕದ ಹುಡುಗಿಗೆ ಕನ್ನಡಕ ಹಾಕಿಕೊಂಡರೂ ಬೋರ್ಡು ಕಾಣುತ್ತಿರಲಿಲ್ಲ. "ಯಾಕೆ ಬರೀಲಿಲ್ಲ?" ಎಂದು ಆಕೆ ಅಷ್ಟು ವರ್ಷಗಳಲ್ಲಿ ಸಾವಿರ ಸಲ ಕೇಳಿದ್ದಳು, ಉತ್ತರವನ್ನು ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು. ನಡುವೆ ಬಾಯಿ ಹಾಕಲು ದನಿ ಬೇಕಲ್ಲ!

ಐದನೇ ವಾರದ ಹೊತ್ತಿಗೆ ಮಕ್ಕಳು ಕರೆಯದೆಯೇ ಮೇಜಿನ ಸುತ್ತ ಸೇರುತ್ತಿದ್ದರು. ಅಲ್ಲಾಡುವ ಹಲ್ಲು ತೋರಿಸುತ್ತಿದ್ದರು. ಕನ್ನಡಕದ ಹುಡುಗಿ, ವರ್ಷವಿಡೀ ತುಟಿ ಪಿಟಕ್ಕೆನ್ನದವಳು, ತನ್ನ ಬೆಕ್ಕಿನ ಪ್ರತಾಪವನ್ನು ದಿನಕ್ಕೊಂದು ಕಂತಿನಂತೆ ಹೇಳುತ್ತಿದ್ದಳು. ಗುಡುಗಮ್ಮನಿಗೆ ಹಾಲು ಕುಡಿದಷ್ಟು ಸಂತೋಷ.

ಆದ್ದರಿಂದಲೇ ಆರನೇ ವಾರ ಡಾಕ್ಟರು "ಗಂಟಲು ಸರಿಹೋಯ್ತು" ಎಂದಾಗ ಆಕೆಗೆ ಹೆದರಿಕೆಯಾಯಿತು. ದನಿ ಬಂದ ಸುದ್ದಿ ತಿಳಿದರೆ ಮಕ್ಕಳು ಮತ್ತೆ ತಮ್ಮ ಬೆಂಚುಗಳಿಗೆ ಓಡಿಹೋಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ತಾನೇ ಮತ್ತೆ ಗುಡುಗಮ್ಮನಾಗಿಬಿಡಬಹುದು. ಮರುದಿನ ಆಕೆ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಶಾಲೆಗೆ ಹೋಗಿ, ಗಂಟಲು ತೋರಿಸಿ, ಇಲ್ಲ ಎಂಬಂತೆ ಕೈಯಾಡಿಸಿದಳು. ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಪ್ರತಿವರ್ಷ ಪಾಠ ಮಾಡುವವಳು!

ಸುಳ್ಳಿನ ಎರಡನೇ ವಾರ ಕನ್ನಡಕದ ಹುಡುಗಿ ಬಾಟಲಿಯ ನೀರನ್ನೆಲ್ಲ ತಿದ್ದಿದ ಪರೀಕ್ಷೆಯ ಹಾಳೆಗಳ ಮೇಲೆ ಚೆಲ್ಲಿದಳು. ಎರಡು ಸಂಜೆಯ ಕೆಲಸ. ಗುಡುಗು ನಾಲಿಗೆಯ ತುದಿಗೆ ಬಂದಿತ್ತು. ಮಫ್ಲರಿನ ನೆನಪಾಗಿ ನುಂಗಿಕೊಂಡಳು. ಹುಡುಗಿಯ ಕೈಗೆ ಬಟ್ಟೆ ಕೊಟ್ಟಳು. ಇಬ್ಬರೂ ಸೇರಿ ಹಾಳೆಗಳನ್ನು ಕಿಟಕಿಯ ಸರಳುಗಳ ನಡುವೆ ಸಿಕ್ಕಿಸಿ ಒಣಗಿಸಿದರು.

ಮೂರನೇ ವಾರ ಗುಟ್ಟು ರಟ್ಟಾಯಿತು. ಶಾಲೆಗೆ ಬಣ್ಣ ಬಳಿಯುತ್ತಿದ್ದರು. ಅಂಗಳದಲ್ಲಿ ಏಣಿಯ ತುದಿಯ ಬಣ್ಣದ ಡಬ್ಬಿ ಜಾರುತ್ತಿದೆ, ಕೆಳಗೆ ಅದೇ ಹುಡುಗಿ ತನ್ನ ಹಿಂದೆಯೇ ಶಾಲೆಗೆ ಬಂದ ಬೆಕ್ಕನ್ನು ಹುಡುಕುತ್ತಿದ್ದಾಳೆ.

"ಪಕ್ಕಕ್ಕೆ ಸರಿಯೇ!"

ಹುಡುಗಿ ನೆಗೆದಳು, ಡಬ್ಬಿ ಬಿತ್ತು, ಬಣ್ಣದವನು ಏಣಿಯನ್ನು ಅಪ್ಪಿಕೊಂಡ. ಏಳನೇ ತರಗತಿ ಅಭ್ಯಾಸಬಲದಿಂದ ಕೈಕಟ್ಟಿತು.

"ಮಿಸ್, ಗಂಟಲು ಸರಿಹೋಯ್ತಾ?" ಎಂದು ಮಕ್ಕಳು ಮುತ್ತಿದರು.

ಇನ್ನೊಂದು ಸುಳ್ಳು ಹೇಳಲು ಆಕೆಗೆ ಮನಸ್ಸು ಬರಲಿಲ್ಲ. "ಮೂರು ವಾರ ಆಯ್ತು," ಎಂದಳು.

ಕನ್ನಡಕದ ಹುಡುಗಿ ಬೆರಳು ಮಡಚಿ ಎಣಿಸಿದಳು. "ಹಾಗಾದ್ರೆ ನಾನು ನೀರು ಚೆಲ್ಲಿದಾಗ ಸರಿಯಾಗೇ ಇತ್ತು! ಬೈಬಹುದಿತ್ತು, ಆದ್ರೂ ನೀವು ಬೈಲಿಲ್ಲ!"

ಆ ಮುಖದ ಬೆಳಕು ನೋಡಿ ಆಕೆಗೆ ನಾಚಿಕೆಯಾಯಿತು. "ನಿಜ ಹೇಳ್ತೀನಿ ಪುಟ್ಟೀ, ಒಳ್ಳೇತನಕ್ಕಲ್ಲ. ಸುಳ್ಳು ಗೊತ್ತಾಗಿಬಿಡುತ್ತೆ ಅಂತ ಸುಮ್ಮನಿದ್ದೆ."

ಹುಡುಗಿ ಯೋಚಿಸಿದಳು. "ಹಾಗಾದ್ರೆ ಇನ್ಮೇಲೆ ಬೈತೀರಾ?"

ಮೂವತ್ತೆಂಟು ಮುಖಗಳೂ ಕಾದವು. ಆಕೆ ಮಫ್ಲರ್ ಬಿಚ್ಚಿ ಅವಳ ಕೈಗೆ ಕೊಟ್ಟಳು. "ಬೈಯೋಕೆ ಶುರು ಮಾಡಿದ್ರೆ ಇದನ್ನ ನನಗೆ ತಂದುಕೊಡು."

ಆ ವರ್ಷ ಮಫ್ಲರ್ ಹನ್ನೊಂದು ಸಲ ವಾಪಸ್ ಬಂತು. ಮರುವರ್ಷ, ಹೊಸ ಮಕ್ಕಳ ಕೈಯಿಂದ, ನಾಲ್ಕು ಸಲ. ಇದನ್ನು ಕಂಡ ಹೆಡ್ಮೇಷ್ಟರು, ಬೈಯದಿರುವುದು ಹೇಗೆಂದು ಇವರಿಗೂ ಹೇಳಿಕೊಡಿ ಎನ್ನುತ್ತ, ಪೋಷಕರ ಸಭೆಯಲ್ಲಿ ಆಕೆಯ ಕೈಗೆ ಮೈಕು ತುರುಕಿದರು. ಮೈಕು ಕೆಟ್ಟಿತ್ತು.

"ಕೇಳಿಸ್ತಿಲ್ಲ ಮೇಡಂ! ಜೋರಾಗಿ ಹೇಳಿ!" ಎಂದು ಕೊನೆಯ ಸಾಲಿನಿಂದ ಒಬ್ಬ ತಂದೆ ಅಬ್ಬರಿಸಿದ. ಪಕ್ಕದಲ್ಲಿ ಕೂತಿದ್ದ ಅವನ ಮಗಳು ಕಿವಿ ಮುಚ್ಚಿಕೊಂಡಳು.

ಮೈಕಿಲ್ಲದೆಯೇ ಗೇಟಿನವರೆಗೂ ಕೇಳಿಸಬಲ್ಲ ಗಂಟಲು ಅದು. ಆಕೆ ಮೈಕನ್ನು ಮೇಜಿನ ಮೇಲಿಟ್ಟು, ವೇದಿಕೆ ಇಳಿದು, ಕುರ್ಚಿಗಳ ನಡುವೆ ಕೊನೆಯ ಸಾಲಿನವರೆಗೆ ನಡೆದು ಹೋಗಿ, ನೋಯುವ ಮಂಡಿಯನ್ನು ಹಿಡಿದುಕೊಂಡು ಅವನ ಮುಂದೆ ಬಗ್ಗಿದಳು.

"ಈಗ ಕೇಳಿಸ್ತಾ?"