ಸಂಜೆಗೆ ಅಳಿಯುತ್ತಿದ್ದ ಪತ್ರಗಳು

ಸುಮಿತ್ರಾ ಮಾವಶಿ, ನಿಮಗೆ ಮರೆವಿನ ರೋಗ ಇರಲಿಲ್ಲ. ಇದೆ ಎಂದು ನಿಮ್ಮನ್ನು ನಂಬಿಸಿದವನು ನಾನು — ಬೇಕೆಂದೇ, ಎರಡು ತಿಂಗಳು, ದಿನಾ ನಿಮ್ಮ ಮುಖ ನೋಡುತ್ತ.

ತೊಂಬತ್ತರ ದಶಕದ ಕೊನೆಯ ಮಾತು. ಸೋಲಾಪುರದ ನಮ್ಮ ಪಂಪ್‌ಸೆಟ್ ಏಜೆನ್ಸಿಗೆ ನಾಲ್ಕು ಕಂಪ್ಯೂಟರ್, ಒಂದು ಸರ್ವರ್ ಬಂದಿದ್ದವು. ಕೂರುವವರು ಏಳು ಜನ. ಅದಕ್ಕೇ, ಕಂಪ್ಯೂಟರ್ ನೋಡಿಕೊಳ್ಳಲೆಂದು ಹೊಸದಾಗಿ ಸೇರಿದ್ದ ನಾನು ಒಂದು ವ್ಯವಸ್ಥೆ ಮಾಡಿದೆ — ಯಾರು ಯಾವ ಕಂಪ್ಯೂಟರಿನ ಮುಂದೆ ಕೂತು ಹೆಸರು, ಪಾಸ್‌ವರ್ಡ್ ಕೊಟ್ಟರೂ ಅವರವರ ಪರದೆ, ಅದರ ಮೇಲಿಟ್ಟ ಪತ್ರಗಳು ಸರ್ವರಿನಿಂದ ಅಲ್ಲಿಗೇ ಬರುತ್ತಿದ್ದವು. ಸಂಜೆ ಮುಚ್ಚುವಾಗ ಹೊಸದೆಲ್ಲ ಸರ್ವರಿಗೆ ಮರಳುತ್ತಿತ್ತು. ರೋಮಿಂಗ್ ಪ್ರೊಫೈಲ್ ಎಂದು ಅದರ ಹೆಸರು.

ಕಚೇರಿಯವರೆಲ್ಲ ಚಿಕ್ಕಮ್ಮನ ಹಾಗೆ ಮಾವಶಿ ಎಂದು ಕರೆಯುತ್ತಿದ್ದ ನೀವು ಅಕ್ಕಲಕೋಟೆಯಿಂದ ದಿನಾ ಎಸ್.ಟಿ. ಬಸ್ಸು ಹಿಡಿದು ಬರುತ್ತಿದ್ದ ಟೈಪಿಸ್ಟ್. ಮುಗಿಯದ ಕಾಗದವನ್ನು ಕಪಾಟಿನಲ್ಲಿಟ್ಟರೆ ಕೆಲಸ ಮರೆತುಹೋಗುತ್ತದೆಂದು ಮೇಜಿನ ಮೇಲೇ ಇಟ್ಟು, ಮೇಲೊಂದು ಕಲ್ಲು ಹೇರಿ ಹೋಗುವುದು ನಿಮ್ಮ ರೂಢಿ. ಕಂಪ್ಯೂಟರಿನಲ್ಲೂ ಹಾಗೇ — ಪ್ರತಿ ಪತ್ರವನ್ನೂ ಪರದೆಯ ಮೇಲೇ ಇಡುತ್ತಿದ್ದಿರಿ. ಮರುದಿನ ಮಾಲೀಕರು ನೋಡಿ ಒಪ್ಪಿದ ಮೇಲೆಯೇ ಪ್ರಿಂಟ್ ತೆಗೆಯುವುದು.

ನಿಮ್ಮ ಮೇಲೆ ನನಗೇನು ಸಿಟ್ಟು? ಹೇಳಲೂ ನಾಚಿಕೆ. ನಾನು ಮಂದ್ರೂಪದ ಒಕ್ಕಲುತನದ ಮನೆಯವನು. ಸೇರಿದ ವಾರವೇ ನಾನು ಬರೆದ ಪತ್ರವೊಂದನ್ನು ನೀವು ಎಲ್ಲರೆದುರು ಓದಿ, ಕೆಂಪು ಶಾಯಿಯಲ್ಲಿ ತಿದ್ದಿ, "ಮಷೀನ್ ಆಮ್ಯಾಲೆ ಕಲಿಸೀಯಂತ ತಮ್ಮಾ, ಮೊದಲ ನೀ ನಾಕ್ ಸಾಲ ಬರಿಯೂದ ಕಲಿ" ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಕೆಂಪು ಶಾಯಿಯ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ.

ಸರ್ವರಿನಲ್ಲಿ ನಿಮ್ಮೊಬ್ಬರ ಪ್ರೊಫೈಲಿಗೆ, ಅದು ಎಂದೂ ಬದಲಾಗದ ಹಾಗೆ, ಬೀಗ ಹಾಕಿದೆ. ಎರಡು ನಿಮಿಷದ ಕೆಲಸ. ಅಂದಿನಿಂದ ನೀವು ದಿನವಿಡೀ ಬರೆದದ್ದು ಸಂಜೆ ಮುಚ್ಚಿದೊಡನೆ ಅಳಿಯುತ್ತಿತ್ತು. ಮರುದಿನ ಹಳೆಯ ಪರದೆಯೇ ಬರುತ್ತಿತ್ತು.

ಮೊದಲ ದಿನ ನೀವು ಕನ್ನಡಕ ಒರೆಸಿಕೊಂಡು ನೋಡಿದಿರಿ. ಎರಡನೆಯ ವಾರ ಪ್ರತಿ ಪತ್ರದ ಹೆಸರನ್ನೂ ಚೀಟಿಯಲ್ಲಿ ಬರೆದುಕೊಳ್ಳತೊಡಗಿದಿರಿ. ಚೀಟಿ ಇರುತ್ತಿತ್ತು, ಪತ್ರ ಇರುತ್ತಿರಲಿಲ್ಲ. ಮಾಲೀಕರು ಕೇಳಿದಾಗ, ಉಳಿದವರ ಪತ್ರಗಳೆಲ್ಲ ಇವೆಯಲ್ಲ, ಮಷೀನಿಗೆ ಏನೂ ಆಗಿಲ್ಲ ಎಂದೆ. ಚೀಟಿ ಹಿಡಿದು ನನ್ನ ಬಳಿಯೇ ಬಂದಿರಿ — "ಮಾಡೀನೋ ಇಲ್ಲೋ ನನಗ ತಿಳಿವಲ್ದು, ತಮ್ಮಾ. ಸೇವ್ ಮಾಡೂದ ಮರತೀನೇನು?"

ನಿಮ್ಮ ತಾಯಿ ಕೊನೆಗಾಲದಲ್ಲಿ ಹೆತ್ತ ಮಗಳ ಗುರುತೂ ಹಿಡಿಯದೆ ಹೋದರೆಂದು ನೀವೇ ಒಮ್ಮೆ ಊಟದ ಹೊತ್ತಿಗೆ ಹೇಳಿದ್ದಿರಿ. ಅದನ್ನು ನೆನಪಿಟ್ಟುಕೊಂಡೇ ನಾನು ಮೆತ್ತಗೆ ಕೇಳಿದೆ:

"ಮಾವಶಿ, ನಿಮ್ಮ ಅವ್ವಗೂ ಹಿಂಗ ಸುರು ಆಗಿತ್ತೇನ್ರಿ?"

ನಿಮ್ಮ ಮುಖದ ಬಣ್ಣ ಹೋಯಿತು. ನನಗೆ — ಬರೆಯಲೇಬೇಕು — ಹಿತವಾಯಿತು. ಅವತ್ತಿನ ಚಹಾ ಎಂದಿಗಿಂತ ರುಚಿಯಾಗಿತ್ತು.

ಎರಡು ತಿಂಗಳಿಗೆ ನೀವೇ ಮಾಲೀಕರ ಮುಂದೆ ಹೋಗಿ, ತಲೆ ನಿಲ್ಲುತ್ತಿಲ್ಲ ಎಂದು ಹೇಳಿ ಕೆಲಸ ಬಿಟ್ಟಿರಿ. ಮರುದಿನ ಬೀಗ ತೆಗೆದೆ. ಯಾರಿಗೂ ಗೊತ್ತಾಗಲಿಲ್ಲ.

ಇಷ್ಟು ವರ್ಷಗಳಾದ ಮೇಲೆ ಕಳೆದ ತಿಂಗಳು ನಿಮ್ಮ ಮನೆಗೆ ಬಂದದ್ದು ಇದನ್ನು ಹೇಳಿಬಿಡಬೇಕೆಂದೇ. ಆ ಕಚೇರಿಯ ಏಳೂ ಜನರ ಹೆಸರು, ಅವರ ಮಕ್ಕಳ ಹೆಸರು, ನಾನು ತಪ್ಪು ಬರೆದಿದ್ದ ಪತ್ರದ ಮೊದಲ ಸಾಲು ಸಹ ನಿಮಗೆ ಬಾಯಿಪಾಠ. ಚಹಾ ಇಡಲೆಂದು ಎದ್ದಿರಿ. ಸೊಸೆ ಮರಾಠಿಯಲ್ಲಿ ಗದರಿ ಕೂಡಿಸಿದಳು.

"ಕೆಲಸ ಬಿಟ್ಟಾಗಿಂದ ಮನ್ಯಾಗ ಯಾರೂ ಗ್ಯಾಸ್ ಹಚ್ಚಾಕ ಕೊಡೂದಿಲ್ಲ ನನಗ," ಎಂದಿರಿ. "ಮೊಮ್ಮಗನ್ನ ಸಾಲಿಗಿ ಬಿಟ್ಟು ಬರಾಕನೂ ಕಳಸಲಿಲ್ಲ. ಅವರದೂ ಖರೇ ಐತಿ. ಮರತು ಏನರ ಮಾಡಿದ್ರ?" ಆಮೇಲೆ ನನ್ನ ಕೈ ಹಿಡಿದು — "ಅವತ್ತ ನನಗ ಖರೇ ಹೇಳಿದಾಂವ ನೀ ಒಬ್ಬನ. ಉಳದವ್ರು ಬೆನ್ನ ಹಿಂದ ನಕ್ರು."

ಹೇಳಬೇಕೆಂದು ಬಂದದ್ದನ್ನು ಹಾಗೇ ಹೊತ್ತು, ಸೊಸೆ ಮಾಡಿದ ಚಹಾ ಕುಡಿದು ಬಂದೆ.

ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲಿ ಇದನ್ನು ಓದಬಲ್ಲವರು ನೀವೊಬ್ಬರೇ. ಅಷ್ಟಕ್ಕೇ ನಿಲ್ಲಿಸಿದರೆ ಅದೂ ನನ್ನ ಜಾಣತನವೇ ಆಗುತ್ತದೆ — ನೀವು ಹೇಳಿದರೆ, ಇದೂ ಮುದುಕಿಯ ಮರೆವು ಎಂದು ಅವರು ತಳ್ಳಿಹಾಕುತ್ತಾರೆ. ಬರುವ ಗುರುವಾರ ಬರುತ್ತೇನೆ. ಮಗ, ಸೊಸೆ ಇಬ್ಬರನ್ನೂ ಕೂಡಿಸಿ ಮರಾಠಿಯಲ್ಲಿ ಹೇಳುತ್ತೇನೆ. ಆಮೇಲೆ ನೀವೇ ಒಳಗೆ ಹೋಗಿ ಗ್ಯಾಸ್ ಹಚ್ಚಿ, ಎಲ್ಲರಿಗೂ ಚಹಾ ಇಡಿ. ನನಗೆ ಕೊಡಬೇಡಿ.